ಅರವತ್ತು ಮಂದಿಯ ರಕ್ತ

ಆಸ್ಪತ್ರೆಯ ಫ್ರೀಜರಿನ ಮುಚ್ಚಳ ಎತ್ತಿದ ಲ್ಯಾಬ್ ಟೆಕ್ನಿಷಿಯನ್ ವಿಜಯಲಕ್ಷ್ಮಿ ಹಾಗೇ ನಿಂತುಬಿಟ್ಟಳು.

ಒಳಗೆ ಒಂದು ನಳಿಗೆಯೂ ಇರಲಿಲ್ಲ!

ಶನಿವಾರ ಸಂಜೆ ಅವಳೇ ಕೈಯಾರೆ ಜೋಡಿಸಿ, ಬೀಗ ಹಾಕಿ ಹೋಗಿದ್ದಳು—ಅರವತ್ತು ಮಂದಿಯ ರಕ್ತದಿಂದ ಬೇರ್ಪಡಿಸಿದ ಸೀರಮ್, ಅರವತ್ತು ನಳಿಗೆಗಳಲ್ಲಿ. ಬೀಗ ಒಡೆದಿರಲಿಲ್ಲ. ಈಗ ತಾನೇ ತನ್ನ ಕೀಲಿಯಿಂದಲೇ ಅದನ್ನು ತೆಗೆದಿದ್ದಳು. ಸೋಮವಾರ ಬೆಳಗಿನ ಎಂಟು ಗಂಟೆ. ಹನ್ನೆರಡಕ್ಕೆ ಪುಣೆಯ ಪ್ರಯೋಗಾಲಯಕ್ಕೆ ಗಾಡಿ ಹೊರಡಬೇಕು.

ಅದು ೨೦೦೫ರ ಏಪ್ರಿಲ್. ಮುದ್ದೇಬಿಹಾಳದ ಆ ಸಣ್ಣ ಆಸ್ಪತ್ರೆಯ ಡಾಕ್ಟರ್ ಬಸಂತರಾಯರು ವರ್ಷವಿಡೀ ಹಳ್ಳಿ ಹಳ್ಳಿ ತಿರುಗಿ, ಸಕ್ಕರೆ ಕಾಯಿಲೆ ಇರುವ ಮನೆತನಗಳ ಜನರನ್ನು ಒಪ್ಪಿಸಿ, ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸಿದ್ದರು. ನಮ್ಮ ಮೈಯ ಕೊಬ್ಬೇ ರಕ್ತಕ್ಕೆ ಬಿಡುವ ಒಂದು ಹಾರ್ಮೋನು ಇದೆ—ಅಡಿಪೊನೆಕ್ಟಿನ್. ಅದು ಕಡಿಮೆ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಯಾರಲ್ಲಿ ಎಷ್ಟಿದೆ ಎಂದು ತಿಳಿದರೆ ಮೊದಲೇ ಎಚ್ಚರ ವಹಿಸಬಹುದು ಎಂಬುದು ಡಾಕ್ಟರ ಆಸೆ.

"ಇನ್ನೊಮ್ಮೆ ರಕ್ತ ಕೊಡ್ರಿ ಅಂದ್ರ ಯಾರು ಬರ್ತಾರ?" ಸುದ್ದಿ ಕೇಳಿ ಓಡಿ ಬಂದ ಬಸಂತರಾಯರು ಕೂಗಿದರು. "ಕೀಲಿ ಎರಡೇ ಅದಾವು. ನಂದು ಟೇಬಲ್ಲಿನ ಡ್ರಾವರಿನ್ಯಾಗ ಐತಿ. ಇನ್ನೊಂದು ನಿನ್ನ ಕೈಯಾಗ. ಬಿಜಾಪುರದ ಲ್ಯಾಬಿನವರು ನಿನ್ನ ಕೆಲಸಕ್ಕ ಕರದಾರಂತ ಕೇಳೇನಿ. ಹೋಗೂ ಮುಂದ ಅವರಿಗೆ ಇದನ್ನೂ ಒಯ್ದು ಕೊಟ್ಟಿಯೇನು?"

ವರಾಂಡದಲ್ಲಿ ಕುಳಿತಿದ್ದ ರೋಗಿಗಳೆಲ್ಲ ಕತ್ತು ಚಾಚಿದರು. ವಿಜಯಲಕ್ಷ್ಮಿಯ ಕಿವಿ ಬಿಸಿಯಾದವು.

"ಕರದಿದ್ದು ಖರೇ ಐತ್ರಿ ಸರ್. ನಾ ಒಲ್ಲೆ ಅಂದೇನಿ. ನಳಿಗಿ ಮಾತ್ರ ನಾ ಮುಟ್ಟಿಲ್ರಿ!"

"ಡಾಕ್ಟರ್ರ, ಸ್ವಲ್ಪ ತಡೀರಿ."

ರೋಗಿಗಳ ನಡುವಿನಿಂದ ಎದ್ದು ಬಂದವರು ಸೋಮನಿಂಗ. ಮೂವತ್ತು ವರ್ಷ ಪೊಲೀಸ್ ಜಮಾದಾರರಾಗಿದ್ದು ನಿವೃತ್ತರಾದವರು. ಹೆಂಡತಿಯನ್ನು ಸಕ್ಕರೆ ಕಾಯಿಲೆ ಒಯ್ದಿತ್ತು. ಆ ಅರವತ್ತರಲ್ಲಿ ಐದು ನಳಿಗೆ ಅವರ ಮನೆಯವೇ—ತಮ್ಮದು, ಮೂವರು ಮಕ್ಕಳದು, ಮೊಮ್ಮಗಳದು.

ಅವರು ಫ್ರೀಜರಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ತಳವನ್ನು ಬೆರಳಿನಿಂದ ತಟ್ಟಿದರು.

"ತಂಗಿ, ಶನಿವಾರ ಇದರ ಒಳಗ ಹ್ಯಾಂಗಿತ್ತು?"

"ಗ್ವಾಡಿಗೆಲ್ಲಾ ಹತ್ತಿ ಅಂಟಿದಂಗ ದಪ್ಪ ಹಿಮ ಇತ್ರಿ."

"ಈಗ?"

ವಿಜಯಲಕ್ಷ್ಮಿ ಇಣುಕಿದಳು. ಗೋಡೆಗಳು ಬೋಳಾಗಿದ್ದವು. ತಳದಲ್ಲಿ ಮಾತ್ರ ಗಾಜಿನಂಥ ನುಣ್ಣನೆಯ ಮಂಜುಗಡ್ಡೆ. ನಳಿಗೆ ಕಾಣದ ಗಾಬರಿಯಲ್ಲಿ ಅವಳು ಇದನ್ನು ಗಮನಿಸಿರಲೇ ಇಲ್ಲ.

ಸೋಮನಿಂಗ ಕಾವಲುಗಾರ ಗೈಬುಸಾಬನನ್ನು ಕರೆದರು.

"ನಿನ್ನೆ ಆದಿತವಾರ ಇಲ್ಲಿ ಯಾರ್ಯಾರು ಇದ್ರಿ?"

"ನಾನು, ಕಂಪೌಂಡರ್ ಯುವರಾಜ. ಇಬ್ಬರ ರೀ. ಹೊರಗಿನವರು ಯಾರೂ ಒಳಗ ಹೋಗಿಲ್ಲ."

"ಕರೆಂಟ್ ಇತ್ತೇನು?"

"ಎಲ್ಲೀದ್ರೀ! ಹನ್ನೊಂದಕ್ಕ ಹೋದದ್ದು ಸಂಜಿ ಆರಕ್ಕ ಬಂತು. ಬಿಸಲಾಗ ಬೆಂದು ಹೋದೆ."

"ಕರೆಂಟ್ ಹೋದರೂ ಫ್ರೀಜರ್ ನಿಲ್ಲೂದಿಲ್ಲ," ಎಂದರು ಡಾಕ್ಟರು. "ಅದರ ಸಲುವಾಗೇ ಬ್ಯಾಟರಿ ಇಟ್ಟೇವಿ. ಆ ಗ್ವಾಡಿ ಮ್ಯಾಲಿನ ಒಂದೇ ಪ್ಲಗ್ಗಿಗೆ ಬ್ಯಾಟರಿ ಕರೆಂಟ್ ಬರ್ತೈತಿ."

"ಒಂದೇ ಪ್ಲಗ್ಗು?"

"ಒಂದೇ."

ಸೋಮನಿಂಗ ತಲೆಯಾಡಿಸಿದರು. ಯುವರಾಜ ಔಷಧಿ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ನೀ ಏನು ಮಾಡಾಕತ್ತಿದ್ದೆಪಾ ನಿನ್ನೆ?"

"ಏನಿಲ್ರಿ ಜಮಾದಾರ್ರ. ಪೇಶಂಟ್ ಯಾರೂ ಬಂದಿಲ್ಲ. ಟಿ.ವಿ. ಮುಂದ ಕುಂತು ಮ್ಯಾಚ್ ನೋಡೀನಿ. ಕುರ್ಚಿ ಬಿಟ್ಟು ಎದ್ದಿಲ್ರಿ."

"ಪೂರಾ ನೋಡಿದಿ?"

"ಕಡೀ ಓವರ್ ತನಕ."

ಸೋಮನಿಂಗ ಅವನ ಹತ್ತಿರ ಹೋಗಿ, ಮೆಲ್ಲಗೆ ಕೇಳಿದರು: "ಊರಿಗೇ ಕರೆಂಟ್ ಇರಲಿಲ್ಲ. ನಿನ್ನ ಟಿ.ವಿ. ಹ್ಯಾಂಗ ನಡೀತು?"

ಯುವರಾಜನ ಕಣ್ಣು ಗೋಡೆಯ ಪ್ಲಗ್ಗಿನ ಕಡೆ ಓಡಿತು.

"ಕಳ್ಳ ಬಂದಿದ್ರ ಕೀಲಿ ತಗದು, ನಳಿಗಿ ಒಯ್ದು, ಮುಚ್ಚಿ ಹೋಗ್ತಿದ್ದ," ಸೋಮನಿಂಗ ಎಲ್ಲರ ಕಡೆ ತಿರುಗಿದರು. "ಒಂದು ಮಿನಿಟಿನ ಕೆಲಸ. ಒಂದು ಮಿನಿಟಿನ್ಯಾಗ ಇಷ್ಟು ಹಿಮ ಕರಗತೈತೇನ್ರಿ? ಕರಗಿ, ನೀರಾಗಿ, ಮತ್ತ ಗಡ್ಡಿ ಕಟ್ಟೈತಿ. ಅಂದ್ರ ಫ್ರೀಜರ್ ತಾಸುಗಟ್ಟಲೆ ಬಂದ್ ಇತ್ತು. ಇದ್ದ ಒಂದು ಪ್ಲಗ್ಗಿನ್ಯಾಗ ಟಿ.ವಿ. ವಾಯರ್ ಇತ್ತು. ಡಾಕ್ಟರ್ರ, ನಿಮ್ಮ ಡ್ರಾವರ್ ಆದಿತವಾರ ಯಾರು ತಗೀತಾರ?"

"ಅವಸರದ ಇಂಜೆಕ್ಷನ್ ಅದರಾಗ ಇರ್ತಾವು..." ಡಾಕ್ಟರ ದನಿ ಇಳಿಯಿತು. "ಡ್ಯೂಟಿ ಮ್ಯಾಲಿನ ಕಂಪೌಂಡರ್ ತಗೀತಾನ."

"ಯುವರಾಜ, ನಳಿಗಿ ಎಲ್ಲಿ ಚೆಲ್ಲಿದಿ?"

"ಚೆಲ್ಲಿಲ್ರಿ!" ಯುವರಾಜ ಕೂಗಿಯೇ ಬಿಟ್ಟ. "ಸಂಜಿಮುಂದ ಪ್ಲಗ್ ತಿರುಗಿ ಹಚ್ಚಾಕ ಹೋದ್ರ ಕೆಳಗೆಲ್ಲಾ ನೀರು. ನಳಿಗ್ಯಾಗಿಂದು ಕರಗಿತ್ತು. ಇದು ತಂಪಾಗೂತನಕ ಕೆಡತಾವಂತ ಹೆದರಿ, ದಾವಲಮಲಿಕನ ಬರ್ಫಿನ ಕಾರ್ಖಾನಿಗೆ ಒಯ್ದು ಬರ್ಫಿನ್ಯಾಗ ಹುಗಿಸೀನಿ. ಮುಂಜಾನೆ ಅಕ್ಕಾರು ಬರೂದ್ರಾಗ ತಂದು ಇಡಬೇಕಂತ ಹೋದೆ. ಕಾರ್ಖಾನಿ ತಗಿಯೂದು ಹತ್ತಕ್ಕಂತ!"

ಆಲಮಟ್ಟಿಯ ಮೀನಿನ ಪೆಟ್ಟಿಗೆಗಳಿಗೆ ಮಂಜುಗಡ್ಡೆ ಕೊಡುವ ಬರ್ಫಿನ ಕಾರ್ಖಾನೆ ಅದು. ಗೈಬುಸಾಬ ಸೈಕಲ್ ಹತ್ತಿದ. ಹತ್ತೂವರೆಗೆ ತಿರುಗಿ ಬಂದಾಗ ಅವನ ಕೈಯಲ್ಲೊಂದು ಪೆಟ್ಟಿಗೆ—ಇನ್ನಷ್ಟು ತಂಪಾಗಲೆಂದು ಉಪ್ಪು ಬೆರೆಸಿದ ಬರ್ಫ, ಮೀನಿನ ವಾಸನೆ, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ನಳಿಗೆಗಳು. ವಿಜಯಲಕ್ಷ್ಮಿ ಒಂದೊಂದನ್ನೇ ಎತ್ತಿ ಚೀಟಿಯ ನಂಬರು ಓದಿದಳು. ಅರವತ್ತೂ ಇದ್ದವು. ಅರವತ್ತೂ ಕಲ್ಲಿನಂತೆ ಗಟ್ಟಿ!

ಡಾಕ್ಟರು ಪುಣೆಗೆ ಫೋನು ಹಚ್ಚಿದರು. ನಡೆದದ್ದನ್ನೆಲ್ಲ ಹೇಳಿದರು, ಕೇಳಿದರು, ಮತ್ತೆ ಕೇಳಿದರು. ಕೊನೆಗೆ ರಿಸೀವರ್ ಇಟ್ಟು ಕುರ್ಚಿಗೆ ಒರಗಿದರು.

"ಈ ಹಾರ್ಮೋನು ಗಟ್ಟಿ ಐತಂತ. ಒಮ್ಮೆ ಕರಗಿದ್ರ ಕೆಡೂದಿಲ್ಲ. ಕಳಿಸ್ರಿ ಅಂದ್ರು."

ವರಾಂಡದವರೆಲ್ಲ ಒಮ್ಮೆಲೇ ಮಾತಾಡತೊಡಗಿದರು.

"ನಳಿಗಿ ಜೋಡಿ ಕಳಿಸೂ ಕಾಗದದಾಗ ಕರಗಿದ್ದು ಬರೀಲೇನ್ರಿ ಸರ್?" ಎಂದಳು ವಿಜಯಲಕ್ಷ್ಮಿ.

"ಇದ್ದದ್ದು ಇದ್ದಂಗ ಬರಿ."

ಯುವರಾಜ ಅವಳೆದುರು ಬಂದು ನಿಂತ. "ತಪ್ಪಾತ್ರಿ ಅಕ್ಕಾರ."

"ಪ್ಲಗ್ ತಗದಿದ್ದು ಹುಡುಗಬುದ್ಧಿ ಅನ್ನಬಹುದು ತಮ್ಮಾ. ನನಗ ಕಳ್ಳಿ ಅನ್ನೂಮುಂದ ಸುಮ್ಮ ನಿಂತೆಲ್ಲಾ—ಅದು?"

ಯುವರಾಜ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡ. ಪೆಟ್ಟಿಗೆಯ ಜೊತೆ ಪುಣೆಯವರೆಗೆ ತಾನೇ ಹೋಗಿ ಕೊಟ್ಟು ಬರುತ್ತೇನೆ ಎಂದ. ಅವಳು ಬೇಡ ಎನ್ನಲಿಲ್ಲ.

ಸೋಮನಿಂಗ ಡಾಕ್ಟರ ಮುಖ ನೋಡಿದರು. "ಎಲ್ಲಾರ ಮುಂದ ಅಂದೀರಿ, ಡಾಕ್ಟರ್ರ."

ಬಸಂತರಾಯರು ಎದ್ದು ವರಾಂಡಕ್ಕೆ ಬಂದರು. ರೋಗಿಗಳ ಮುಂದೆಯೇ ಹೇಳಿದರು: "ವಿಜಯಲಕ್ಷ್ಮಿ, ವಿಚಾರ ಮಾಡದ ಮಾತಾಡಿದೆ. ನಂದು ತಪ್ಪಾತು."

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ಹೊರಟಿತು. ಅದು ತಿರುವು ದಾಟುವವರೆಗೂ ನೋಡಿದ ವಿಜಯಲಕ್ಷ್ಮಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಬೆಳಗಿನಿಂದ ತಡೆದಿದ್ದ ಅಳು ಈಗ ಬಂತು. ಅದರ ಹಿಂದೆಯೇ ನಗುವೂ ಬಂತು.