ಕಲ್ಲೇಶಪ್ಪನವರ ಅಂಗಳದ ಹಕ್ಕಿಗಳು

ಮುದ್ದಪ್ಪನ ಹೆಂಡತಿ ಕೋಮಲಾ ಬಂದು ಜಗಲಿಯ ಮುಂದೆ ನಿಂತಾಗ ಡಾಕ್ಟರ್ ಈರಭದ್ರಪ್ಪ ಮಂಡಕ್ಕಿ ತಿನ್ನುತ್ತಿದ್ದರು. ಕಡೂರು ತಾಲ್ಲೂಕಿನ ದನಕರುಗಳಿಗೆ ಔಷಧಿ ಕೊಟ್ಟೇ ಅವರು ಮುದುಕರಾಗಿದ್ದರು. ಅಷ್ಟು ವರ್ಷಗಳಲ್ಲಿ ದನಗಳ ಮೇಲಿನ ಗೌರವ ಹೆಚ್ಚುತ್ತ ಹೋಗಿ, ಮನುಷ್ಯರ ಪಾಲಿಗೆ ಏನೂ ಉಳಿದಿರಲಿಲ್ಲ. ಆದರೂ ಊರಲ್ಲಿ ಬಗೆಹರಿಯದ್ದೇನಾದರೂ ನಡೆದರೆ ಜನ ಅವರ ಮನೆಗೇ ಬರುತ್ತಿದ್ದರು. ಬೈಸಿಕೊಳ್ಳಲು ಸಿದ್ಧರಾಗಿಯೇ ಬರುತ್ತಿದ್ದರು. ಆ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಫೋಟೋ ಸ್ಟುಡಿಯೋ ಇಟ್ಟಿದ್ದ ಸುದರ್ಶನ, ಬರುಬರುತ್ತ ಡಾಕ್ಟರ ಹಿಂದೆ ಕ್ಯಾಮೆರಾ ಹಿಡಿದು ಓಡಾಡುವವನಾಗಿದ್ದ.

ಕೋಮಲಾ ಹೇಳಿದ್ದು ಇಷ್ಟು. ತೆಂಗಿನಕಾಯಿ ಮಂಡಿಯ ಕಲ್ಲೇಶಪ್ಪನವರ ಹಿತ್ತಲಿನಲ್ಲಿ ಚಪ್ಪಡಿ ಹಾಸಿದ ದೊಡ್ಡ ಅಂಗಳವಿದೆ. ಮನೆಯವರೆಲ್ಲ ಅಜ್ಜಂಪುರದಲ್ಲಿ ಮದುವೆ ಮುಗಿಸಿಕೊಂಡು ಬಂದು ನೋಡಿದರೆ ಅಂಗಳದ ತುಂಬ ಗುಬ್ಬಚ್ಚಿಗಳು, ಹುಲ್ಲಿನ ಬೀಜ ತಿನ್ನುವ ರಾಟವಾಳದ ಹಕ್ಕಿಗಳು ಸತ್ತು ಬಿದ್ದಿದ್ದವು. ಕ್ರೋಟನ್ ಗಿಡದ ಹಿಂದೆ ಕಳೆನಾಶಕದ ಕ್ಯಾನು ಸಿಕ್ಕಿತು. ಊರಲ್ಲಿ ಕಳೆನಾಶಕ ಮಾರುವವನು ಮುದ್ದಪ್ಪ. ಪಕ್ಕದ ಮನೆಯವನೂ ಅವನೇ. ಇಷ್ಟು ಸಾಕಾಗಿತ್ತು. ಜನ ಅವನ ಅಂಗಡಿಗೆ ಬೀಗ ಜಡಿಸಿದರು, ಅರಣ್ಯ ಇಲಾಖೆಯ ಗಾರ್ಡು ಮರುದಿನ ಬಂದು ಕರೆದೊಯ್ಯುವುದಾಗಿ ಹೇಳಿ ಹೋಗಿದ್ದ.

"ನಮ್ಮನೆಯವ್ರು ಮಾಡಿಲ್ಲ ಸಾರ್," ಎಂದಳು ಕೋಮಲಾ.

"ನಿನ್ ಗಂಡ ಸುತ್ತಲ ಹಳ್ಳಿಗೆಲ್ಲ ವಿಷ ಮಾರ್ತಾನೆ. ಇದೊಂದು ಮಾಡಿಲ್ಲ ಅಂತ ನಾನ್ಯಾಕೆ ಹೇಳ್ಬೇಕು?"

"ಮಾಡಿಲ್ಲ, ಅದಕ್ಕೆ."

ಡಾಕ್ಟರು ಮಂಡಕ್ಕಿಯ ತಟ್ಟೆ ಕೆಳಗಿಟ್ಟು ಎದ್ದರು. ಊರಿನವರ ಮಾತಿನಲ್ಲಿ ಅವರಿಗೆ ಇಷ್ಟು ಚಿಕ್ಕ, ಇಷ್ಟು ನೇರವಾದ ಉತ್ತರ ಸಿಗುವುದು ಅಪರೂಪವೆಂದು ಸುದರ್ಶನನಿಗೆ ಗೊತ್ತಿತ್ತು.

ಕಲ್ಲೇಶಪ್ಪನವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಸಂತಾಪಕ್ಕೆ ಬಂದವರನ್ನು ಮಾತಾಡಿಸುವವರ ಹಾಗೆ ಕೂತಿದ್ದರು. ಹಕ್ಕಿಗಳಿಗಾಗಿ ನಿಜವಾಗಿ ಅತ್ತಿದ್ದವಳು ಸೊಸೆ ಅಶ್ವಿನಿ ಒಬ್ಬಳೇ. ಹೊರಡುವ ಮುಂಚೆ ಮಣ್ಣಿನ ಬೋಗುಣಿಗೆ ನೀರು ತುಂಬಿಸಿ ಹೋಗಿದ್ದೆ ಎಂದು ಆಕೆ ಹೇಳಿದಳು. ಈಗ ಬೋಗುಣಿ ಖಾಲಿಯಾಗಿತ್ತು, ಸತ್ತ ಹಕ್ಕಿಗಳು ಹೆಚ್ಚಾಗಿ ಬಿದ್ದಿದ್ದುದು ಅದರ ಸುತ್ತಲೇ. ಚಪ್ಪಡಿಯ ಸಂದುಗಳಲ್ಲಿ ಗರಿಕೆಯೂ ನೆಲನೆಲ್ಲಿಯೂ ಕಂದಿ ಒಣಗಿದ್ದವು. ಡಾಕ್ಟರು ಮಂಡಿಯೂರಿ ಕೂತು ಕಡ್ಡಿಯಿಂದ ಸಂದು ಕೆದಕಿದರು. ಹುರಿದಂತೆ ಮುರುಟಿಕೊಂಡ ಎರೆಹುಳುಗಳು ಮೇಲೆ ಬಂದವು. ನೀರು ಹೋಗುವ ಮೋರಿಯ ಹೊಸ ಕಬ್ಬಿಣದ ಜಾಲರಿ ಕೆಂಪಗೆ ತುಕ್ಕು ಹಿಡಿದಿತ್ತು. ಎಲ್ಲವನ್ನೂ ಫೋಟೋ ತೆಗೆಯುವಂತೆ ಸುದರ್ಶನನಿಗೆ ಹೇಳಿ, ಕ್ಯಾನನ್ನು ಎತ್ತಿ ಪಕ್ಕಕ್ಕಿಡಲು ಸನ್ನೆ ಮಾಡಿದರು. ಅವನು ಎರಡೂ ಕೈ ಹಾಕಿ ಎತ್ತಬೇಕಾಯಿತು.

ಅಷ್ಟರಲ್ಲಿ ಪ್ರಸನ್ನಕುಮಾರರ ಸ್ಕೂಟರು ಬಂತು. ಕಾಲೇಜಿನ ನಿವೃತ್ತ ಪ್ರಿನ್ಸಿಪಾಲರು, ಪರಿಸರ ಸಮಿತಿಯ ಅಧ್ಯಕ್ಷರು. ಊರಿನ ಅಂಗಳಗಳನ್ನೆಲ್ಲ ವಿಷಮುಕ್ತ ಮಾಡುವ ಪಣ ತೊಟ್ಟಿದ್ದರು. ತಾವೇ ಕಂಡುಹಿಡಿದ ಗಿಡಮೂಲಿಕೆ ಕಷಾಯ ಸುರಿದರೆ ಸಾಕು, ಎಂಥ ಕಳೆಯೂ ಒಣಗುತ್ತದೆ, ಮಗು ಕುಡಿದರೂ ಏನೂ ಆಗುವುದಿಲ್ಲ ಎಂದು ಭಾಷಣ ಮಾಡುತ್ತಿದ್ದರು. ಅದರಿಂದ ಒಂದು ಗರಿಕೆಯೂ ಒಣಗುವುದಿಲ್ಲವೆಂದು ಮುದ್ದಪ್ಪ ಸಭೆಯೊಂದರಲ್ಲಿ ಎದ್ದು ನಿಂತು ನಕ್ಕಿದ್ದ. ಅದನ್ನು ಸುಳ್ಳು ಮಾಡಿ ತೋರಿಸಲೆಂದೇ ಪ್ರಿನ್ಸಿಪಾಲರು, ಕಲ್ಲೇಶಪ್ಪ ಮದುವೆಗೆ ಹೊರಟಾಗ ಅವರ ಹಿತ್ತಲಿನ ಕೀಲಿಯನ್ನು ಪಡೆದುಕೊಂಡಿದ್ದರು.

"ನನ್ನ ಕಷಾಯ ಕೆಲಸ ಮಾಡ್ತಿತ್ತು ಡಾಕ್ಟ್ರೇ. ಅದನ್ನ ನೋಡಿ ಹೊಟ್ಟೆಕಿಚ್ಚಿಗೆ ಗೋಡೆ ಹಾರಿ ಬಂದು ವಿಷ ಸುರಿದಿದ್ದಾನೆ. ಕ್ಯಾನು ಮೊದಲು ನೋಡಿದ್ದು ನಾನೇ. ಬಗ್ಗಿ ಮೂಸಿದೆ, ತಲೆ ತಿರುಗಿಬಿಡ್ತು," ಎಂದು ಪ್ರಸನ್ನಕುಮಾರ್ ಕರವಸ್ತ್ರದಿಂದ ಮೂಗು ಒರೆಸಿಕೊಂಡರು.

ಗೇಟಿನ ಹತ್ತಿರ ಬೀದಿಯ ಹಸುವೊಂದು ಸ್ಕೂಟರಿನ ಕಾಲಿಡುವ ಜಾಗಕ್ಕೆ ಮೂತಿ ಹಾಕಿತ್ತು. ಪ್ರಿನ್ಸಿಪಾಲರು ಛತ್ರಿ ಎತ್ತಿಕೊಂಡು ಓಡಿಹೋಗಿ ಅದನ್ನು ಅಟ್ಟಿದರು. ಆ ಹಸು ನಾವು ಬಂದಾಗಿನಿಂದ ಗೇಟು ಬಿಟ್ಟು ಕದಲುತ್ತಿಲ್ಲ, ತೆಗೆದರೆ ಒಳಗೆ ನುಗ್ಗಿ ಕಲ್ಲು ನೆಕ್ಕುತ್ತದೆ ಎಂದು ಅಶ್ವಿನಿ ಬೇಸರದಿಂದ ಹೇಳಿದಳು. ಡಾಕ್ಟರ ಮುಖದಲ್ಲಿ ಆ ದಿನ ಮೊದಲ ಸಲ ಗೆಲುವು ಕಂಡಿತು. ಸತ್ತ ರಾಟವಾಳವೊಂದನ್ನು ಕಾಗದದಲ್ಲಿ ಸುತ್ತಿಕೊಂಡು, ನಾಳೆ ಗಾರ್ಡು ಬರುವ ಹೊತ್ತಿಗೆ ಎಲ್ಲರೂ ಇಲ್ಲೇ ಇರಬೇಕೆಂದು ಹೇಳಿ ಹೊರಟರು.

ಮರುದಿನ ಬೆಳಿಗ್ಗೆ ಎಲ್ಲರೂ ಬಂದರು. ಮುದ್ದಪ್ಪ ಗೋಡೆಗೆ ಒರಗಿ ನಿಂತಿದ್ದ, ಕೋಮಲಾ ಅವನ ಪಕ್ಕದಲ್ಲಿದ್ದಳು. ಪ್ರಸನ್ನಕುಮಾರ್ ಸಮಿತಿಯ ಬ್ಯಾಡ್ಜು ಹಾಕಿಕೊಂಡು ಬಂದಿದ್ದರು. ಗಾರ್ಡಿಗೆ ಬೇಗ ಮುಗಿಸಿಕೊಂಡು ಹೋಗುವ ಆತುರವಿತ್ತು.

ಡಾಕ್ಟರು ಕ್ಯಾನನ್ನು ಅವನ ಮುಂದಿಟ್ಟು ಮುಚ್ಚಳ ತಿರುಗಿಸಲು ಹೇಳಿದರು. ಮುಚ್ಚಳ ಬಂತು. ಅದರ ಕೆಳಗೆ ಕಂಪನಿ ಅಂಟಿಸಿದ ಹಾಳೆ ಹಾಗೆಯೇ ಇತ್ತು. ಒಂದು ಹನಿಯೂ ಹೊರಗೆ ಬಂದಿರಲಿಲ್ಲ.

"ಊರೆಲ್ಲ ಬಂದು ಈ ಕ್ಯಾನು ನೋಡ್ಕೊಂಡ್ ಹೋಯ್ತು," ಎಂದರು ಡಾಕ್ಟರು. "ಅಂಗಡಿಗೆ ಬೀಗ ಜಡಿಯೋಕೆ ಪುರುಸೊತ್ತಿತ್ತು. ಒಂದು ಮುಚ್ಚಳ ತಿರುಗಿಸೋಕೆ ಯಾರಿಗೂ ಪುರುಸೊತ್ತಿರ್ಲಿಲ್ಲ. ಪ್ರಿನ್ಸಿಪಾಲರು ಮಾತ್ರ ಮೂಸಿದ್ರಂತೆ. ಬಿಗಿದ ಡಬ್ಬಿ ಮೂಸಿದ್ರೆ ತಲೆ ತಿರುಗೋ ಮೂಗು ಅವರದ್ದು."

ಆಮೇಲೆ ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಕ್ಯಾನಿನಲ್ಲಿದ್ದದ್ದು ಎಲೆಗೆ ಬಿದ್ದು ಬೇರಿಗಿಳಿದು ನಿಧಾನಕ್ಕೆ ಕೊಲ್ಲುವ ಜಾತಿಯದು. ಅದು ಕಬ್ಬಿಣವನ್ನು ಹೀಗೆ ತಿನ್ನುವುದಿಲ್ಲ, ಎರೆಹುಳುವಿನ ಮೈನೀರನ್ನು ಹೀಗೆ ಹೀರುವುದಿಲ್ಲ. ಎರಡನ್ನೂ ಮಾಡುವುದು ಉಪ್ಪು. ಕಾಳು ತಿನ್ನುವ ಹಕ್ಕಿಗಳಿಗೆ ಹಲ್ಲಿಲ್ಲ. ತಿಂದದ್ದನ್ನು ಹೊಟ್ಟೆಯಲ್ಲಿ ಅರೆಯಲು ಅವು ಮರಳಿನ ಹರಳು ಹೆಕ್ಕಿ ನುಂಗುತ್ತವೆ. ಸಂದಿನಲ್ಲಿದ್ದ ಕಲ್ಲುಪ್ಪನ್ನೂ ಹರಳೆಂದೇ ನುಂಗಿದವು. ಬಾಯಾರಿ ಬೋಗುಣಿಯ ನೀರು ಮುಗಿಸಿದವು. ಮನೆಯಲ್ಲಿ ಮತ್ತೆ ತುಂಬಿಸುವವರು ಇರಲಿಲ್ಲ. ತಾವು ಒಯ್ದ ಹಕ್ಕಿಯನ್ನು ಕೊಯ್ದು ನೋಡಿದ್ದಾಗಿಯೂ, ಮಿದುಳು ಬಾತಿದ್ದುದು ಅದಕ್ಕೆ ಹೊಂದುತ್ತದೆಂದೂ ಹೇಳಿದರು.

"ಉಪ್ಪು ಯಾರ್ ಬೇಕಾದ್ರೂ ಹಾಕಿರ್ಬಹುದು. ಅವನೇ ಹಾಕಿರ್ಬಹುದು," ಎಂದರು ಪ್ರಸನ್ನಕುಮಾರ್.

ಡಾಕ್ಟರು ಅಶ್ವಿನಿಗೆ ಗೇಟು ತೆಗೆಯಲು ಹೇಳಿದರು. ಹಸು ಒಳಗೆ ಬಂತು. ಬೇಲಿಯಂಚಿನ ಹಸಿರು ಹುಲ್ಲಿನ ಕಡೆ ತಿರುಗಿಯೂ ನೋಡದೆ ಚಪ್ಪಡಿಯ ಸಂದನ್ನು ನೆಕ್ಕತೊಡಗಿತು. ಅಶ್ವಿನಿ ಅದನ್ನು ಹೊರಗೆ ಅಟ್ಟಿದಳು. ಅದು ಸಾಲಾಗಿ ನಿಂತ ಬೈಕುಗಳನ್ನೆಲ್ಲ ದಾಟಿ ಪ್ರಿನ್ಸಿಪಾಲರ ಸ್ಕೂಟರಿನ ಬಳಿಗೇ ಹೋಗಿ ಕಾಲಿಡುವ ಜಾಗಕ್ಕೆ ನಾಲಿಗೆ ಹಾಕಿತು. ಗಾರ್ಡು ಹೋಗಿ ರಬ್ಬರ್ ಹಾಸು ಎತ್ತಿದ. ಕೆಳಗಿನ ತಗಡು ಹೊಸದಾಗಿ ತುಕ್ಕು ಹಿಡಿದಿತ್ತು, ಮೂಲೆಯಲ್ಲಿ ಕಲ್ಲುಪ್ಪಿನ ಹರಳುಗಳು ಸಿಕ್ಕಿಕೊಂಡಿದ್ದವು.

"ಉಪ್ಪಿನ ಮೂಟೆ ಇಲ್ಲಿಟ್ಕೊಂಡು ತಂದಿದ್ದೀರಿ," ಎಂದರು ಡಾಕ್ಟರು. "ಕಷಾಯದಿಂದ ಕಳೆ ಸಾಯ್ಲಿಲ್ಲ. ಮುದ್ದಪ್ಪನ ಮುಂದೆ ಮರ್ಯಾದೆ ಹೋಗ್ಬಾರ್ದು ಅಂತ ಉಪ್ಪು ಸುರಿದ್ರಿ. ಹಕ್ಕಿ ಸತ್ತಿದ್ದು ನೋಡಿ ಹೆದರಿ ಕ್ಯಾನು ತಂದಿಟ್ರಿ. ಅದನ್ನ ತೆಗೆದು ಒಂದಿಷ್ಟು ಚೆಲ್ಲೋ ಧೈರ್ಯಾನೂ ಆಗ್ಲಿಲ್ಲ."

ಪ್ರಸನ್ನಕುಮಾರ್ ಉಪ್ಪೂ ಪ್ರಕೃತಿಯದೇ ತಾನೆ ಎಂದರು. ಉಪ್ಪಿನಿಂದ ಹಕ್ಕಿ ಸಾಯುತ್ತದೆಂದು ಗೊತ್ತಿರಲಿಲ್ಲ ಎಂದರು. ಅದು ನಿಜವೇ ಇರಬೇಕೆಂದು ಸುದರ್ಶನನಿಗೂ ಅನ್ನಿಸಿತು. ಕ್ಯಾನನ್ನು ತರೀಕೆರೆಯಿಂದ ತಂದದ್ದನ್ನೂ ಒಪ್ಪಿಕೊಂಡರು.

"ಹಕ್ಕಿ ಸತ್ತಿದ್ದು ನಿಮ್ಮ ದಡ್ಡತನಕ್ಕೆ," ಎಂದರು ಡಾಕ್ಟರು. "ಅದನ್ನ ಇನ್ನೊಬ್ಬನ ತಲೆಗೆ ಕಟ್ಟಿದ್ದು ದಡ್ಡತನ ಅಲ್ಲ."

ಗಾರ್ಡು ಮುದ್ದಪ್ಪನ ಬದಲು ಪ್ರಿನ್ಸಿಪಾಲರನ್ನು ಜೀಪು ಹತ್ತಿಸಿದ. ಕಲ್ಲೇಶಪ್ಪ ಕುರ್ಚಿಯಲ್ಲೇ ಮಿಸುಕಾಡುತ್ತ, ಇನ್ನು ಕಳೆಗೆ ಏನು ಮಾಡುವುದು ಎಂದು ಕೇಳಿದರು.

"ಬಗ್ಗಿ ಕೀಳೋದು. ನಿಮ್ಮ ಸೊಂಟ ಬಗ್ಗಿದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಉಳಿದದ್ದನ್ನು ಅಶ್ವಿನಿಗೆ ಬೇರೆಯೇ ದನಿಯಲ್ಲಿ ಹೇಳಿಕೊಟ್ಟರು. ಉಪ್ಪು ಬೆರೆತ ಮರಳನ್ನು ಬಗೆದು ತೆಗೆದು ಹೊಸ ಮರಳನ್ನು ಬಿಗಿಯಾಗಿ ತುಂಬಬೇಕು. ಮಳೆ ಬಂದ ಮಾರನೇ ದಿನ ಹಳೇ ಚಾಕುವಿನಿಂದ ಬೇರುಸಹಿತ ಕೀಳಬೇಕು. ಹಟ ಹಿಡಿದು ಬರುವ ಬೇರಿಗೆ, ಕಪ್ಪೆ, ಹುಳು ಇಲ್ಲವೆಂದು ನೋಡಿಕೊಂಡು, ಕುದಿಯುವ ನೀರು ಹೊಯ್ಯಬೇಕು. ಬೇಲಿಯಂಚಿನ ಹುಲ್ಲನ್ನು ಮಾತ್ರ ಮುಟ್ಟಬಾರದು, ಅದು ರಾಟವಾಳಗಳ ಊಟ.

ಸಂಜೆ ಮುದ್ದಪ್ಪ ಒಂದು ಗೊನೆ ಎಳನೀರು ಹೊತ್ತುಕೊಂಡು, ಹೆಂಡತಿಯೊಂದಿಗೆ ಡಾಕ್ಟರ ಮನೆಗೆ ಬಂದ. ಮರ್ಯಾದೆ ಉಳಿಸಿದಿರಿ, ನಾನು ಎಂಥವನೆಂದು ಊರಿಗೆ ತೋರಿಸಿದಿರಿ ಎಂದು ಕೈಮುಗಿದ. ಡಾಕ್ಟರು ಎಳನೀರಿನ ಕಡೆ ನೋಡಲೂ ಇಲ್ಲ.

"ಆ ಅಂಗಳದ ಹಕ್ಕಿಗಳನ್ನ ನೀನು ಕೊಂದಿಲ್ಲ ಅಂದೆ. ಅಷ್ಟೇ ನಾನು ಹೇಳಿದ್ದು. ತಗೊಂಡ್ ಹೋಗು."

ಮುದ್ದಪ್ಪನ ಮುಖ ಕಪ್ಪಿಟ್ಟಿತು. ಗೊನೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೊರಟುಹೋದ. ಕೋಮಲಾ ಅವನ ಹಿಂದೆ ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಲ್ಲೇ ನಿಂತಳು.

"ನಮ್ಮ ಹಿತ್ಲಲ್ಲೂ ಕಲ್ಲು ಹಾಸಿದೀವಿ ಸಾರ್. ಇವರು ವರ್ಷಕ್ಕೆರಡು ಸಲ ಆ ಕಳೆನಾಶಕಾನೇ ಹೊಡೀತಾರೆ. ಒಂದು ಕಡ್ಡೀನೂ ಹುಟ್ಟಲ್ಲ. ಗುಬ್ಬಿ ಬರೋದು ಯಾವತ್ತು ನಿಂತೋಯ್ತು ಅನ್ನೋದೇ ನನಗೆ ನೆನಪಿಲ್ಲ. ಈಗೇನಾದ್ರೂ ಮಾಡಬಹುದಾ?"

ಬೈಗುಳ ಬರುತ್ತದೆಂದು ಸುದರ್ಶನ ಕಾದ. ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು.

"ನಡೀಯಮ್ಮ, ನೋಡೋಣ," ಎಂದರು.