ಮುಚ್ಚಿಟ್ಟ ಅನ್ನ

ಗುರುವಾರ ಬೆಳಿಗ್ಗೆ 10.20ಕ್ಕೆ ಅಂಗನವಾಡಿ ಕಾರ್ಯಕರ್ತೆ ರಾಧಾಮಣಿ ಚಪ್ಪಲಿಯಿಲ್ಲದ ಕಾಲಲ್ಲಿ ಬೇತಮಂಗಲ ಠಾಣೆಗೆ ಓಡಿಬಂದಳು. ಕೇಂದ್ರಕ್ಕೆ ಮೊಟ್ಟೆ ಪೂರೈಸುವ ಸುಬ್ರಮಣಿ ಅಡುಗೆಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದಾನೆ ಎಂದಳು. ಪಿಎಸ್‌ಐ ವನಿತಾ ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಬಚ್ಚಪ್ಪನೊಂದಿಗೆ ಹೊರಟಳು.

11.15ಕ್ಕೆ ಪಂಚನಾಮೆ ಶುರುವಾಯಿತು. ರುಬ್ಬುಗುಂಡಿನ ಏಟಿಗೆ ತಲೆ ಮೂರು ಕಡೆ ಒಡೆದಿತ್ತು. ಗೋಡೆಯ ಮೇಲಿನ ಅ ಆ ಇ ಈವರೆಗೂ ರಕ್ತ ಚಿಮ್ಮಿತ್ತು. ಬಾಯಿಗೆ ಕೊಳೆತ ಮೊಟ್ಟೆಗಳನ್ನು ಸಿಪ್ಪೆ ಸಮೇತ ತುರುಕಲಾಗಿತ್ತು. ಆ ನಾತಕ್ಕೆ ಪಂಚರಲ್ಲೊಬ್ಬ ಹೊರಗೋಡಿ ವಾಂತಿ ಮಾಡಿದ.

ವನಿತಾಳ ಕಣ್ಣಿಗೆ ಬಿದ್ದದ್ದು ಜಗಲಿಯ ಮೇಲಿದ್ದ ಅನ್ನದ ಪಾತ್ರೆ. ಅದರ ಹಿಡಿಯಲ್ಲಿ ರಕ್ತದ ಬೆರಳಚ್ಚಿತ್ತು. ಮುಚ್ಚಿದ್ದ ತಟ್ಟೆ ತೆಗೆದರೆ, ಅನ್ನ ಬೆಳ್ಳಗೆ ಹಾಗೇ ಇತ್ತು.

"ಕೊಂದು ಓಡೋನು ಅನ್ನ ಯಾಕ್ ಎತ್ತಿಡ್ತಾನೆ ಮೇಡಂ?" ಬಚ್ಚಪ್ಪ ಕೇಳಿದ.

"ದಿನಾ ಬಡಿಸೋರು ಎತ್ತಿಡ್ತಾರೆ."

12.10. ಕೇಂದ್ರದಲ್ಲಿ ಅಡುಗೆ ಮಾಡಿ ಬಡಿಸುವ ಸಹಾಯಕಿ ಮುನಿಯಮ್ಮ ಮನೆ ಹಿಂದೆ ಸೀರೆ ಹಿಂಡುತ್ತಿದ್ದಳು.

"ಇವತ್ತು ಕೆಲಸಕ್ಕೆ ಹೋಗಿದ್ರಾ ಅಮ್ಮ?"

"ಇಲ್ಲಮ್ಮ. ಜ್ವರ."

"ರಾಧಾಮಣಿ ಬರೋದು ಹತ್ತಕ್ಕೆ. ಅನ್ನ ಮಾಡಿದ್ದು ಯಾರು?"

ಮುನಿಯಮ್ಮನ ಕೈ ನಿಂತಿತು.

"ನಾನೇ ಕಣಮ್ಮ. ನಾನೇ ಒಡ್ದಾಕ್ಬಿಟ್ಟೆ."

"ಯಾಕೆ?"

"ಒಳ್ಳೇ ಮೊಟ್ಟೆ ಬಂಗಾರಪೇಟೆ ಓಟ್ಲಿಗೆ, ಕೊಳ್ತಿದ್ದು ನಮ್ ಕೇರಿಗೆ. ಮೇಲ್ನೋರಿಗೆ ಏಳಿದ್ರೆ, ಅವ್ನು ಪಂಚಾಯ್ತಿ ಮೆಂಬರ್ ಬಾಮೈದ, ಸುಮ್ನಿರು ಅಂದ್ರು. ನನ್ ಮೊಮ್ಮಗ್ಳು ಅಂಬಿಕ ಓದ ತಿಂಗ್ಳು ತೀರ್ಕೊಂಡ್ಲು. ಮೂರು ವರ್ಸಕ್ಕೆ ಏಳೇ ಕೇಜಿ. ಇವತ್ತೂ ಅವೇ ಮೊಟ್ಟೆ ತಂದ. ಕೇಳಿದ್ರೆ, ನಿಮ್ ಜನಕ್ಕೆ ಇದೇ ಎಚ್ಚು ಅಂದ. ನೀನೇ ತಿನ್ನು ಅಂತ ತುರುಕ್ದೆ."

ಅವಳು ತಂದು ತೋರಿಸಿದ, ಮಗುವಿನ ಸಾವಿಗೆ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಜ್ವರ ಎಂದಷ್ಟೇ ಬರೆದಿತ್ತು. ಹಸಿವಿಗೆ ಹಾಕಲು ಯಾವ ಕಲಮೂ ಇಲ್ಲವಲ್ಲ ಎಂದು ವನಿತಾಳಿಗೆ ಮೈ ಉರಿಯಿತು. ಆದರೂ 1.30ಕ್ಕೆ ಬಂಧನವೆಂದು ಬರೆದುಕೊಂಡಳು.

ಜೀಪು ನಿಂತಿದ್ದ ಕೇಂದ್ರದ ಮುಂದೆ ಮಕ್ಕಳು ತಟ್ಟೆ ಹಿಡಿದು ಇನ್ನೂ ಕೂತಿದ್ದವು. ಜೀಪು ಹತ್ತುವ ಮುನ್ನ ಮುನಿಯಮ್ಮ ಅವನ್ನು ನೋಡಿ ನಿಂತಳು.

"ರಕ್ತ ಒಂದು ತೊಟ್ಟೂ ಬೀಳ್ದಂಗೆ ಮುಚ್ಚಿ ಈಚೆ ಇಟ್ಟಿದ್ದೆ ಕಣಮ್ಮ. ಮಕ್ಳಿಗೆ ಇಕ್ಕಿದ್ರಾ?"

ಜಗಲಿಯ ಮೇಲೆ ಬಚ್ಚಪ್ಪ ಆ ಪಾತ್ರೆಯನ್ನು ಅನ್ನದ ಸಮೇತ ಬಟ್ಟೆಯಲ್ಲಿ ಕಟ್ಟಿ, ಸಾಕ್ಷ್ಯವೆಂದು ಅರಗಿನ ಮುದ್ರೆ ಒತ್ತುತ್ತಿದ್ದ.