ಬೇಕಂತಲೇ ಮಾಡಿದ ತಪ್ಪು

"ನಿಮಗೆ ಹೆಮ್ಮೆ ಅನ್ನಿಸಿದ ಒಂದು ಕೆಲಸ ಹೇಳಿ, ಮಿಸ್ ಪದ್ಮಜಾ."

ದಾಕ್ಷಿ ಗಂಟಲು ಸರಿಮಾಡಿಕೊಂಡು ಕೇಳಿದಳು. ಕೊರಳಲ್ಲಿ ಅಪ್ಪನ ಟೈ. ಅದು ಅವಳ ಮೊಣಕಾಲು ಮುಟ್ಟುತ್ತಿತ್ತು.

ಎದುರಿಗೆ ಕೂತಿದ್ದ ಅಕ್ಕ ನೆಲ ನೋಡಿದಳು. "ಅಂಥದ್ದೇನಿಲ್ಲ. ಲೈಬ್ರರೀಲಿ ಸ್ವಲ್ಪ ಹೆಲ್ಪ್ ಮಾಡ್ತೀನಿ, ಅಷ್ಟೇ."

"ಅಕ್ಕಾ, ಮತ್ತೆ ಅದೇನಾ?" ದಾಕ್ಷಿ ಪ್ರಶ್ನೆಗಳ ಕಾರ್ಡನ್ನು ಟೇಬಲ್ ಮೇಲೆ ಹಾಕಿದಳು.

ಅದು ೧೯೮೬ರ ನವೆಂಬರ್. ಬೋಸ್ಟನ್ನಿನ ಒಂದು ಯೂನಿವರ್ಸಿಟಿಗೆ ಅಕ್ಕ ಎಲ್ಲರಿಗಿಂತ ಮೊದಲೇ ಅರ್ಜಿ ಹಾಕಿದ್ದಳು. ಟೈಪ್‌ರೈಟರಿನಲ್ಲಿ ಒಂದೂ ತಪ್ಪಿಲ್ಲದಂತೆ ಮೂರು ಸಲ ಹೊಡೆದು ಕಳಿಸಿದ್ದಳು. ಈಗ ಶನಿವಾರ ಹತ್ತಿರದ ಪಾಲೋ ಆಲ್ಟೋ ಊರಿನಲ್ಲಿ ಇಂಟರ್‌ವ್ಯೂ. ಆ ಯೂನಿವರ್ಸಿಟಿಯಲ್ಲೇ ಓದಿದ ಒಬ್ಬ ಮೇಡಂ ಅವಳನ್ನು ಮಾತಾಡಿಸಿ, ಹುಡುಗಿ ಹೇಗಿದ್ದಾಳೆಂದು ಬರೆದು ಕಳಿಸುತ್ತಾರೆ.

ತಮ್ಮೂರು ಗಿಲ್‌ರಾಯ್‌ನ ಹೈಸ್ಕೂಲಿನಲ್ಲಿ ಗಣಿತಕ್ಕೆ ಅಕ್ಕನನ್ನು ಮೀರಿಸುವವರಿಲ್ಲ. ಆದರೆ ತನ್ನ ಬಗ್ಗೆ ಹೇಳು ಅಂದರೆ ಬಾಯಿಗೆ ಬೀಗ. ಹೀಗೇ ಕೂತರೆ ಸೀಟು ಸಿಗುವುದು ಹೇಗೆ? ದಾಕ್ಷಿಗೆ ಅಳುವೇ ಬಂತು.

ಬೆಳ್ಳುಳ್ಳಿ ಸುಲಿಯುತ್ತಿದ್ದ ನೀಲವ್ವಜ್ಜಿ ಅಕ್ಕನ ಪಕ್ಷ. "ಆಕಿ ಹೇಳೂದು ಬರೋಬರಿ ಐತಿ. ತನ್ನ ಬೆನ್ನ ತಾನ ತಟ್ಕೋಬಾರದು. ಮಂದಿ ತಟ್ಟಬೇಕು."

ದಾಕ್ಷಿ ಯೋಚಿಸಿದಳು. "ಅಜ್ಜಿ, ನಾನು ಮಂದಿ ಅಲ್ವಾ?"

ಟೈ ಬಿಚ್ಚಿ ಅಕ್ಕನ ಕೊರಳಿಗೆ ಹಾಕಿದಳು. "ಈಗ ನೀನು ಮೇಡಂ, ನಾನು ಪದ್ಮಜಾ. ಕೇಳು."

ಅಕ್ಕ ನಗುತ್ತಾ ಅದೇ ಪ್ರಶ್ನೆ ಕೇಳಿದಳು.

"ಶನಿವಾರ ನಾನು ಲೈಬ್ರರೀಲಿ ಹೊಲದ ಕೆಲಸದವರ ಮಕ್ಕಳಿಗೆ ಓದೋಕೆ ಕಲಿಸ್ತೀನಿ," ಎಂದು ದಾಕ್ಷಿ ಶುರುಮಾಡಿದಳು. "ಬೆಟೋ ಅಂತ ಒಬ್ಬ ಇದಾನೆ. ಮೂರು ತಿಂಗಳು ಬಾಯೇ ಬಿಟ್ಟಿರಲಿಲ್ಲ. ನಾನು ಅವನಿಗೆ ಓದು ಅನ್ನಲೇ ಇಲ್ಲ. ಕುದುರೆ ಚಿತ್ರ ತೋರಿಸಿ 'ಕೌ' ಅಂತ ಓದಿದೆ. ಮುಂದಿನ ಪೇಜಲ್ಲೂ ಕೌ. ಅದರ ಮುಂದಿನದರಲ್ಲೂ ಕೌ. ಕೊನೆಗೆ ಅವನಿಗೆ ತಡೆಯೋಕಾಗಲಿಲ್ಲ. 'ನೋ, ಹಾರ್ಸ್' ಅಂದ. ಆಮೇಲೆ ಇಡೀ ಬುಕ್ ಅವನೇ ಓದಿದ."

ಅಕ್ಕ ನಗುವುದನ್ನು ನಿಲ್ಲಿಸಿದಳು. "ನೀನು ಅಲ್ಲಿ ಕಾಮಿಕ್ಸ್ ಓದ್ತಿದ್ದೆ ಅಲ್ವಾ?"

"ಅದನ್ನೂ ಓದ್ತಿದ್ದೆ."

ಅಜ್ಜಿ ಬೆಳ್ಳುಳ್ಳಿ ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು. "ಇಷ್ಟೆಲ್ಲಾ ಮಾಡಿ ಮನ್ಯಾಗ ಒಂದ ಮಾತು ಹೇಳಿಲ್ಲಲ್ಲ ನೀ. ಆ ಮೇಡಮ್ಮಗ ಹೇಳವ್ವಾ. ನಡದದ್ದು ನಡದಂಗ ಹೇಳಿದ್ರ ಅದು ಜಂಬ ಅಲ್ಲ."

ಶನಿವಾರ ಅಪ್ಪ ಅಕ್ಕನನ್ನು ಕಾರಿನಲ್ಲಿ ಪಾಲೋ ಆಲ್ಟೋಗೆ ಕರೆದುಕೊಂಡು ಹೋದರು. ಲೈಬ್ರರಿಯಲ್ಲಿ ಅಕ್ಕನ ಟೇಬಲ್ ನೋಡಿಕೊಳ್ಳಲು ದಾಕ್ಷಿ ಅಜ್ಜಿಯ ಜೊತೆ ಹೋದಳು.

ಬೆಟೋ ತನ್ನ ಪಾಡಿಗೆ ಓದುತ್ತಿದ್ದ. ಪಕ್ಕದಲ್ಲಿ ಎರಡು ಜಡೆಯ ಪುಟ್ಟ ಹುಡುಗಿ, ಹೊಸಬಳು. ಅವಳ ಪುಸ್ತಕ ಮುಚ್ಚಿಯೇ ಇತ್ತು.

ದಾಕ್ಷಿ ಕ್ಲಾಸಿನಲ್ಲಿ ಯಾವಾಗಲೂ ಮೊದಲು ಕೈ ಎತ್ತುವವಳು. ಒಂದು ಉತ್ತರ ತಪ್ಪಾದರೂ ಸಂಜೆಯವರೆಗೆ ಮುಖ ಊದಿಸಿಕೊಂಡು ಕೂರುವವಳು. ಅವಳು ಪುಸ್ತಕ ತೆರೆದಳು. ಬಾತುಕೋಳಿಯ ಚಿತ್ರವಿತ್ತು.

"ಎಲಿಫೆಂಟ್," ಎಂದು ಜೋರಾಗಿ ಓದಿದಳು.

ಪಕ್ಕದ ಟೇಬಲಿನ ದೊಡ್ಡ ಹುಡುಗರು ಕಿಸಕ್ಕೆಂದು ನಕ್ಕರು. ದಾಕ್ಷಿಯ ಕಿವಿ ಬಿಸಿಯಾಯಿತು. ಅಕ್ಕನನ್ನು ನೋಡಿಯೂ ಇವರು ಹೀಗೇ ನಕ್ಕಿರಬೇಕು. ಅಕ್ಕ ಅದನ್ನು ಹೇಳಿಯೇ ಇರಲಿಲ್ಲ. ದಾಕ್ಷಿ ಪೇಜು ತಿರುಗಿಸಿದಳು. "ಎಲಿಫೆಂಟ್."

ಮಧ್ಯಾಹ್ನ ಅಕ್ಕ ಹೊಸ ಕೋಟಿನಲ್ಲೇ ಸೀದಾ ಲೈಬ್ರರಿಗೆ ಬಂದಳು.

"ಹೇಳಿದ್ಯಾ?" ಎಂದು ದಾಕ್ಷಿ ಪಿಸುಗುಟ್ಟಿದಳು.

"ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದ್ರು." ಅಕ್ಕನ ಮುಖ ಬೆಳಗುತ್ತಿತ್ತು. "ಇಲ್ಲಿ ಏನಾಯ್ತು?"

ಪುಟ್ಟ ಹುಡುಗಿ ಬಾತುಕೋಳಿಯ ಮೇಲೆ ಬೆರಳಿಟ್ಟು, ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಿದ್ದಳು. ಮಾತು ಇನ್ನೂ ಬಂದಿರಲಿಲ್ಲ.

"ಅಂಥದ್ದೇನಿಲ್ಲ," ಎಂದಳು ದಾಕ್ಷಿ. "ಸ್ವಲ್ಪ ಹೆಲ್ಪ್ ಮಾಡಿದೆ, ಅಷ್ಟೇ."

ಹಿಂದೆ ಕೂತಿದ್ದ ಅಜ್ಜಿ ಎದ್ದು ಬಂದು ಅವಳ ಬೆನ್ನು ತಟ್ಟಿದರು.